ಪೂರ್ವಕ್ಕೂ ರಸ್ತೆ, ಉತ್ತರಕ್ಕೂ ರಸ್ತೆ

(ಚಿಕ್ಕಮಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಚರಿತ್ರೆ ಎಂದರೆ ಹಿರೇಮಗಳೂರಿನ ಕೋದಂಡರಾಮ, ಬೆಳವಾಡಿಯ ವೀರನಾರಾಯಣ, ಆಮೇಲೆ ಬಾಬಾಬುಡನ್ ಬೆಟ್ಟದ ಕಾಫಿ. ಇವುಗಳ ಬಗ್ಗೆ ತಿಳಿದವರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದೀರಿ. ನಾನು ಇವತ್ತು ಮಾತಾಡುವುದು ಮಾರ್ಕೆಟ್ ರಸ್ತೆಯ ಆಸುಪಾಸಿನ ಒಂದು ಮೂಲೆ ಕಟ್ಟಡದ ಬಗ್ಗೆ. ಕೆಳಗೆ ಅಂಗಡಿಗಳ ಸಾಲು, ಮೇಲೆ ಬಾಡಿಗೆಗೆ ಕೊಡುತ್ತಿದ್ದ ಮನೆಗಳು. ಕಟ್ಟಡದ ಮಾಲೀಕರು ತಮ್ಮ ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಆದರೆ ಇಂಥದ್ದು ನಮ್ಮೂರಿನಲ್ಲಿ ಒಂದೇ ಇಲ್ಲ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ ನಡೆದರೂ ಇಂಥವು ಕಾಣುತ್ತವೆ.

ನಾನು ವೃತ್ತಿಯಲ್ಲಿ ಬಾಂಡ್ ರೈಟರ್. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು ಬರೆಯುತ್ತಲೇ ವಯಸ್ಸಾಯಿತು. ಹೊಸ ಪತ್ರ ಬರೆಯಬೇಕಾದರೆ ಹಳೆಯ ಪತ್ರ ಓದಬೇಕು. ಹಾಗೆ ಓದುವಾಗಲೇ ಈ ಕಟ್ಟಡ ನನ್ನನ್ನು ಹಿಡಿದುಕೊಂಡಿತು. ನಾಲ್ಕೂ ಕಡೆ ಏನಿದೆ ಎಂದು ಚೆಕ್ಕುಬಂದಿಯಲ್ಲಿ ಬರೆಯುತ್ತೇವಲ್ಲ, ಅದರಲ್ಲಿ ಸಾಮಾನ್ಯ ಸೈಟಿಗೆ ಒಂದು ಕಡೆ ರಸ್ತೆ, ಮೂರು ಕಡೆ ನೆರೆಯವರು. ಇದಕ್ಕೆ ಪೂರ್ವಕ್ಕೂ ರಸ್ತೆ, ಉತ್ತರಕ್ಕೂ ರಸ್ತೆ. ನೂರು ಅಡಿ ಆಚೆಗಿನ ಕಟ್ಟಡಕ್ಕೆ ಆಗದ್ದೆಲ್ಲ ಇದಕ್ಕೆ ಆಗಿದ್ದು ಇದೇ ಕಾರಣಕ್ಕೆ. ಅಂಗಡಿಗಳ ಬಾಗಿಲು ದೊಡ್ಡ ರಸ್ತೆಗೆ. ಮೇಲಿನ ಮನೆಗಳಿಗೆ ಹೋಗುವ ಮೆಟ್ಟಿಲು ಅಡ್ಡ ರಸ್ತೆಗೆ. ವ್ಯಾಪಾರಕ್ಕೆ ಬಂದವರು ಮನೆಯವರ ಕಾಲಿಗೆ ಸಿಗುವುದಿಲ್ಲ, ಮನೆಯವರು ವ್ಯಾಪಾರಕ್ಕೆ ಅಡ್ಡ ಬರುವುದಿಲ್ಲ. ಎರಡು ರಸ್ತೆ ಇಲ್ಲದ ಕಡೆ ಈ ಅನುಕೂಲ ಮಾಡಿಕೊಳ್ಳುವುದು ಕಷ್ಟ.

ಮೊದಲು ಕಾಗದದ ಮಾತು ಹೇಳಿಬಿಡುತ್ತೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥವು ಇರುತ್ತವೆ, ಕಾಲ ಗುರುತಿಸಲು ಉಪಯೋಗಕ್ಕೆ ಬರುತ್ತದೆ.

ಇದರ ಅತಿ ಹಳೆಯ ಪತ್ರದಲ್ಲಿ "ಕಡೂರು ಡಿಸ್ಟ್ರಿಕ್ಟ್, ಚಿಕ್ಕಮಗಳೂರು ತಾಲ್ಲೂಕು" ಎಂದಿದೆ. ನಮ್ಮ ಜಿಲ್ಲೆಯ ಹೆಸರು 1947ರವರೆಗೆ ಕಡೂರು ಜಿಲ್ಲೆ. ಕಚೇರಿಗಳೆಲ್ಲ ಇಲ್ಲಿ, ಹೆಸರು ಮಾತ್ರ ಅಲ್ಲಿಯದು. ಹಾಗಾಗಿ ಪತ್ರದ ತಾರೀಖು ಅಳಿಸಿಹೋಗಿದ್ದರೂ ಅದು ಸ್ವಾತಂತ್ರ್ಯದ ಹೊತ್ತಿಗಿಂತ ಹಿಂದಿನದು ಎಂದು ಧೈರ್ಯವಾಗಿ ಹೇಳಬಹುದು. ಬಾಡಿಗೆ ರಸೀದಿಯಲ್ಲಿ ರೂಪಾಯಿ, ಆಣೆ, ಪೈ ಎಂದಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಛಾಪಾ ಕಾಗದದ ಮೇಲೆ ಮೈಸೂರು ರಾಜ್ಯ ಎಂದಿದ್ದರೆ ಅದು ಅಚ್ಚಾಗಿದ್ದು 1973ರ ನವೆಂಬರ್ 1ಕ್ಕಿಂತ ಮುಂಚೆ. ಅಂಗಡಿ ಬಿಲ್ಲಿನಲ್ಲಿ ಕೆ.ಎಸ್.ಟಿ. (ಕರ್ನಾಟಕ ಮಾರಾಟ ತೆರಿಗೆ) ನಂಬರ್ ಇದ್ದರೆ 2005ಕ್ಕೆ ಮುಂಚಿನದು. 2005ರ ಏಪ್ರಿಲ್‌ನಲ್ಲಿ ಅದರ ಬದಲು ವ್ಯಾಟ್ ತೆರಿಗೆ ಬಂತು, ಟಿನ್ ಎಂಬ ತೆರಿಗೆದಾರರ ನಂಬರ್ ಶುರುವಾಯಿತು. 2017ರ ಜುಲೈನಿಂದ ಜಿ.ಎಸ್.ಟಿ. ಈ ಕಟ್ಟಡದ ಒಂದೇ ಅಂಗಡಿಯಲ್ಲಿ ಮೂರೂ ಬಗೆಯ ಬಿಲ್ ಪುಸ್ತಕ ಸಿಕ್ಕವು. ಎಲ್ಲದರಲ್ಲೂ ಒಂದೇ ಅಂಗಡಿಯ ಹೆಸರು, ಅದೇ ವಿಳಾಸ.

ಕಟ್ಟಡ ಒಂದೇ ಸಲ ಎದ್ದದ್ದಲ್ಲ. ಹಿಂಭಾಗ ಹಳೆಯದು. ಮಣ್ಣಿನ ದಪ್ಪ ಗೋಡೆ, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಹೆಂಚಿನ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತಾರೆ. ರಿಪೇರಿಗೆ ಹೆಂಚು ಇಳಿಸಿದಾಗ ನೋಡಿದರೆ ಒಂದೇ ಸೂರಿನಲ್ಲಿ ಬೇರೆ ಬೇರೆ ಕಾರ್ಖಾನೆಯ ಹೆಂಚುಗಳಿದ್ದವು. ಮಂಗ ಹಾರಿ ಒಡೆದಾಗ, ಮಳೆಗಾಲ ಕಳೆದಾಗ, ಸಿಕ್ಕ ಹೆಂಚು ತಂದು ಸೇರಿಸುತ್ತ ಬಂದಿದ್ದಾರೆ ಎಂದು ಅದರಿಂದಲೇ ಗೊತ್ತಾಗುತ್ತದೆ.

ರಸ್ತೆ ಕಡೆಯ ಭಾಗ ಮದ್ರಾಸ್ ತಾರಸಿ. ಅಡ್ಡಡ್ಡ ತೊಲೆ, ಅದರ ಮೇಲೆ ಹತ್ತಿರ ಹತ್ತಿರ ಜಂತೆ, ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುವುದು. ಮೇಲೆ ಜಲ್ಲಿ, ಗಾರೆ ಹಾಕಿ ದಿನಗಟ್ಟಲೆ ಬಡಿಯುತ್ತಿದ್ದರು. ಹೆಂಗಸರು ಸಾಲಾಗಿ ಕೂತು ಹಾಡು ಹೇಳುತ್ತ ಬಡಿಯುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುತ್ತಿದ್ದರು. ಕೆಳಗೆ ನಿಂತು ತಲೆ ಎತ್ತಿ ನೋಡಿದರೆ ಇಟ್ಟಿಗೆಯ ಓರೆ ಸಾಲು ಕಾಣಬೇಕು. ಈಗ ಅಂಗಡಿಯವರು ಪಿ.ಒ.ಪಿ. ಹಾಕಿ ಮುಚ್ಚಿದ್ದಾರೆ. ಒಂದು ಅಂಗಡಿಯ ಹಿಂದಿನ ಗೋಡೌನಿನಲ್ಲಿ ಮಾತ್ರ ಇನ್ನೂ ಕಾಣುತ್ತದೆ. ದಯವಿಟ್ಟು ಒಮ್ಮೆ ನೋಡಿ, ಅಷ್ಟು ಅಚ್ಚುಕಟ್ಟಾದ ಕೆಲಸ.

ಮೇಲಿನ ಮನೆಗಳಲ್ಲಿ ಎರಡು ಹಳೆಯವು, ಎರಡು ಆಮೇಲೆ ಸೇರಿಸಿದವು. ಹೊಸವಕ್ಕೆ ಆರ್.ಸಿ.ಸಿ., ಅಂದರೆ ಕಬ್ಬಿಣದ ಸರಳಿಟ್ಟ ಸಿಮೆಂಟಿನ ತಾರಸಿ. ಅವು ಎಂಬತ್ತರ ದಶಕದಲ್ಲಿ ಬಂದವು. ಆಗಲೇ ಯಾಕೆ ಎಂದರೆ ಅದಕ್ಕೆ ಕಾರಣ ಸಿಮೆಂಟು. ಅಲ್ಲಿಯವರೆಗೆ ಸಿಮೆಂಟು ಸರ್ಕಾರದ ನಿಯಂತ್ರಣದಲ್ಲಿತ್ತು. ಅರ್ಜಿ ಹಾಕಿ, ಪರ್ಮಿಟ್ ತೆಗೆದುಕೊಂಡು, ಕೊಟ್ಟಷ್ಟು ಚೀಲ ತರಬೇಕು. ಮಗಳ ಮದುವೆ ಹೊತ್ತಿಗೆ ಮನೆ ಮುಗಿಸಬೇಕು ಎಂದವರು ಪರ್ಮಿಟ್ಟಿಗಾಗಿ ಅಲೆದಿದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. 1982ರಲ್ಲಿ ಅರ್ಧಂಬರ್ಧ ನಿಯಂತ್ರಣ ತೆಗೆದರು, 1989ರಲ್ಲಿ ಪೂರ್ತಿ ತೆಗೆದರು. ನಮ್ಮ ಪೇಟೆಯ ಕಟ್ಟಡಗಳಲ್ಲಿ ಎರಡನೇ ಮಹಡಿ ಕಂಡರೆ ಈ ವರ್ಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ.

ಈಗ ಅಂಗಡಿಗಳಿಗೆ ಬರೋಣ. ಮೂಲೆ ಅಂಗಡಿ ಎಂದರೆ ಎರಡು ಬಾಗಿಲು. ಎರಡು ರಸ್ತೆಯಲ್ಲಿ ಬರುವವರಿಗೂ ಕಾಣುತ್ತದೆ. ಹಾಗಾಗಿ ಅದರ ಬಾಡಿಗೆ ಯಾವತ್ತೂ ಪಕ್ಕದ್ದಕ್ಕಿಂತ ಜಾಸ್ತಿ. ಇಲ್ಲಿ ಮೊದಲು ದಿನಸಿ ಅಂಗಡಿ ಇತ್ತು, ಆಮೇಲೆ ಕಾಫಿ ಪುಡಿ ಅಂಗಡಿ, ಈಗ ಮೊಬೈಲ್ ಅಂಗಡಿ. ಬೆಳಿಗ್ಗೆ ಬೀಜ ಹುರಿದು ಪುಡಿ ಮಾಡಲು ಶುರು ಮಾಡಿದರೆ ವಾಸನೆ ಮೇಲಿನ ಮನೆಗಳ ಅಡುಗೆಮನೆಗೆಲ್ಲ ಬರುತ್ತಿತ್ತಂತೆ. ಅಲ್ಲಿದ್ದ ಒಬ್ಬ ಅಜ್ಜಿ ನನಗೆ ಹೇಳಿದರು, "ಮಷಿನ್ ಶಬ್ದ ಕೇಳಿದ ಮೇಲೇ ಮಕ್ಕಳನ್ನ ಏಳಿಸ್ತಿದ್ದೆ ಕಣಪ್ಪಾ, ಗಡಿಯಾರ ನೋಡ್ತಾನೇ ಇರ್ಲಿಲ್ಲ." ಪಕ್ಕದಲ್ಲಿ ಟೈಲರ್, ಅದರಾಚೆ ಪಾತ್ರೆ ಅಂಗಡಿ, ಮತ್ತೊಂದು ಕಡೆ ಗಿರವಿ ಅಂಗಡಿ. ಹಲಗೆ ಬಾಗಿಲುಗಳು. ಒಂದೊಂದು ಹಲಗೆಗೂ ನಂಬರ್ ಬರೆದಿರುತ್ತಿದ್ದರು, ಅದೇ ಕ್ರಮದಲ್ಲಿ ಕೂರಿಸಿದರೆ ಮಾತ್ರ ಬಾಗಿಲು ಮುಚ್ಚುತ್ತದೆ. ಈಗ ಎಲ್ಲ ಕಡೆ ಶಟರ್. ಹಳೆಯ ಹಲಗೆಗಳಲ್ಲಿ ಕೆಲವನ್ನು ಪಾತ್ರೆ ಅಂಗಡಿಯವರು ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ. ನಂಬರ್ ಕನ್ನಡ ಅಂಕಿಯಲ್ಲಿದೆ.

ಎಂಬತ್ತರ ದಶಕದ ಕೊನೆಗೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಎಸ್.ಟಿ.ಡಿ. ಬೂತ್ ಬಂತು, ಮೊಬೈಲ್ ಬಂದ ಮೇಲೆ ಹೋಯಿತು. ಈಗ ಅಲ್ಲಿ ಜೆರಾಕ್ಸ್ ಮಷಿನ್ ಇದೆ.

ನಮ್ಮೂರಿನಲ್ಲಿ ಅಂಗಡಿ ನಡೆಯುವುದು, ಬಾಡಿಗೆ ಬರುವುದು, ಸುಣ್ಣ ಬಳಿಯುವುದು ಎಲ್ಲಕ್ಕೂ ಹಿಂದೆ ಕಾಫಿ ಇದೆ. ಯುದ್ಧದ ಕಾಲದಲ್ಲಿ, 1942ರಲ್ಲಿ, ಕಾಫಿ ಕಾಯ್ದೆ ಬಂತು. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಕಾಫಿ ಬೋರ್ಡೇ ಮಾರುವ ಪೂಲ್ ಪದ್ಧತಿ ಗಟ್ಟಿಯಾಯಿತು. ಬೆಳೆಗಾರ ತನ್ನ ಕಾಫಿಯನ್ನು ಪೂಲಿಗೆ ಕೊಡಬೇಕು, ದುಡ್ಡು ಕಂತಿನಲ್ಲಿ ಬರುತ್ತದೆ. ಕಂತು ಯಾವಾಗ ಬಂದರೆ ಆವಾಗ ಪೇಟೆಯಲ್ಲಿ ವ್ಯಾಪಾರ. ಬಟ್ಟೆ, ಪಾತ್ರೆ, ದಿನಸಿ ಎಲ್ಲವೂ ಸಾಲ. ಈ ಕಟ್ಟಡದ ಪಾತ್ರೆ ಅಂಗಡಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಹೆಸರಿನ ಮುಂದೆ "ಪೂಲ್ ಬಂದ ಮೇಲೆ" ಎಂದು ಬರೆದ ಸಾಲುಗಳಿವೆ. ಓದಿದಾಗ ನನಗೆ ಮೈ ಜುಮ್ಮೆಂದಿತು. ದೆಹಲಿಯಲ್ಲಿ ಮಾಡಿದ ಕಾಯ್ದೆ ಇಲ್ಲಿ ಒಂದು ಹಿತ್ತಾಳೆ ಕೊಡದ ಬೆಲೆಯ ಪಕ್ಕ ಬಂದು ಕೂತಿದೆ.

ತೊಂಬತ್ತರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲವಾಯಿತು. 1996ರ ಹೊತ್ತಿಗೆ ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವ ಹಾಗಾಯಿತು. ಅದರ ನಡುವೆ 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹೆಪ್ಪುಗಟ್ಟುವ ಚಳಿ ಬಿದ್ದು ಅಲ್ಲಿನ ತೋಟಗಳು ಕರಟಿಹೋದವು. ಪ್ರಪಂಚದಲ್ಲೆಲ್ಲ ಕಾಫಿ ಬೆಲೆ ಏರಿತು. ನಮ್ಮ ಪೇಟೆಗೆ ದುಡ್ಡು ಹರಿದು ಬಂತು. ಮೊಸಾಯಿಕ್ ನೆಲದ ಜಾಗಕ್ಕೆ ಗ್ರಾನೈಟು, ಹಲಗೆಯ ಜಾಗಕ್ಕೆ ಶಟರ್ ಬಂದದ್ದು ಹೆಚ್ಚಾಗಿ ಆ ನಾಲ್ಕೈದು ವರ್ಷಗಳಲ್ಲೇ. ಹೊಸ ಶತಮಾನದ ಆರಂಭದಲ್ಲಿ ಬೆಲೆ ನೆಲ ಕಚ್ಚಿತು. ಕಟ್ಟಡದ ಮುಂಭಾಗಕ್ಕೆ ಬಣ್ಣ ಹೊಡೆಸುವ ಕೆಲಸ ಅರ್ಧಕ್ಕೆ ನಿಂತಿತು. ದೊಡ್ಡ ರಸ್ತೆಯ ಕಡೆ ಒಂದು ಬಣ್ಣ, ಅಡ್ಡ ರಸ್ತೆಯ ಕಡೆ ಇನ್ನೊಂದು ಬಣ್ಣ ಇರುವುದು ಅದಕ್ಕೇ.

ಇನ್ನು ಮೇಲಿನ ಮನೆಗಳು. ನನ್ನ ಮನಸ್ಸು ಇರುವುದೇ ಅಲ್ಲಿ.

ನಾಲ್ಕು ಮನೆ, ಒಂದೇ ಉದ್ದ ಜಗಲಿ. ಕಾವಿ ನೆಲ. ಕೊನೆಯಲ್ಲಿ ನೀರಿನ ತೊಟ್ಟಿ, ಹಂಡೆ ಒಲೆ. ತಾರಸಿಯ ಮೇಲೆ ಸಂಡಿಗೆ, ಮೆಣಸಿನಕಾಯಿ ಒಣಗಿಸುವುದು. ಮಳೆಗಾಲದಲ್ಲಿ ಜಗಲಿಯ ತುಂಬ ಒದ್ದೆ ಬಟ್ಟೆ. ಇಲ್ಲಿ ಇದ್ದವರು ಯಾರು? ಮೇಷ್ಟ್ರು, ಅಂಚೆ ಕಚೇರಿಯವರು, ತಾಲ್ಲೂಕು ಕಚೇರಿಯ ಗುಮಾಸ್ತರು, ಬ್ಯಾಂಕಿನವರು. ಹೆಚ್ಚಿನವರು ವರ್ಗವಾಗಿ ಬಂದವರು. ಇದು ಸುಮ್ನೆ ಆದದ್ದಲ್ಲ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಮನೆ ಖಾಲಿಯಾದರೆ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಅವರು ಅದನ್ನು ಸರ್ಕಾರಿ ನೌಕರರಂಥವರಿಗೆ ಹಂಚಬಹುದಿತ್ತು. ಹಾಗಾಗಿ ಕೋಲಾರದವರು, ಬೀದರಿನವರು, ಕಾರವಾರದವರು ಒಂದೇ ಜಗಲಿಯಲ್ಲಿ ಬಂದು ಸೇರಿದರು. ಜೋಳದ ರೊಟ್ಟಿ ಬಡಿಯುವ ಸದ್ದನ್ನು ಮೊದಲು ಕೇಳಿದ್ದು ಈ ಜಗಲಿಯಲ್ಲಿ ಎಂದು ನಮ್ಮೂರಿನ ಒಬ್ಬ ಅಕ್ಕ ಹೇಳಿದರು. ಈ ಜಗಲಿಯಲ್ಲಿ ಬೆಳೆದ ಮಕ್ಕಳು ಕನ್ನಡದ ಮೂರು ನಾಲ್ಕು ಬಗೆ ಮಾತನ್ನು ಕಿವಿಯಲ್ಲಿ ತುಂಬಿಕೊಂಡು ಬೆಳೆದರು.

1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಇಲ್ಲಿ ಲೋಕಸಭಾ ಉಪಚುನಾವಣೆಗೆ ನಿಂತು ವೀರೇಂದ್ರ ಪಾಟೀಲರ ಎದುರು ಗೆದ್ದರು. ನಮ್ಮ ಐ.ಜಿ. ರಸ್ತೆಗೆ ಅವರದೇ ಹೆಸರು. ಆ ದಿನಗಳಲ್ಲಿ ಊರಿನಲ್ಲಿ ತಂಗಲು ಜಾಗವೇ ಇರಲಿಲ್ಲವಂತೆ. ಮೆರವಣಿಗೆ ನೋಡಲು ಈ ಜಗಲಿಗೆ ಕೇರಿಯ ಜನವೆಲ್ಲ ಹತ್ತಿ, ಕೊನೆಗೆ ಮನೆಯವರು ಕಂಬಿ ಕಿತ್ತುಬರುತ್ತದೆ ಎಂದು ಹೆದರಿ ಎಲ್ಲರನ್ನೂ ಇಳಿಸಿದರಂತೆ.

ಮೇಲೆ ಮನೆ ಇದ್ದುದರಿಂದ ಕೆಳಗಿನ ರಸ್ತೆಗೆ ಏನಾಗುತ್ತಿತ್ತು ಎಂದು ಅಂಗಡಿಯವರನ್ನು ಕೇಳಿದೆ. ಎಲ್ಲರೂ ಒಂದೇ ಮಾತು ಹೇಳಿದರು. ರಾತ್ರಿ ಅಂಗಡಿ ಮುಚ್ಚಿದ ಮೇಲೂ ಮೇಲೆ ದೀಪ ಇರುತ್ತಿತ್ತು. ಸದ್ದಾದರೆ ಯಾರಾದರೂ ಬಗ್ಗಿ ನೋಡುತ್ತಿದ್ದರು. ಊರಿಗೆ ಹೋಗುವಾಗ ಬೀಗದ ಕೈ ಮೇಲಿನ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದರು. ಸಂಜೆ ಮಕ್ಕಳು ಟೈಲರ್ ಅಂಗಡಿಯಲ್ಲಿ ಕೂತು ಚಿಂದಿ ಬಟ್ಟೆ ಆರಿಸಿಕೊಳ್ಳುತ್ತಿದ್ದರು, ತಾಯಂದಿರು ಜಗಲಿಯಿಂದಲೇ ಹುಡುಗನಿಗೆ ಹೇಳಿ ಸಕ್ಕರೆ ತರಿಸುತ್ತಿದ್ದರು. ಚೀಲವನ್ನು ಹಗ್ಗದಲ್ಲಿ ಇಳಿಬಿಟ್ಟು ಎಳೆದುಕೊಳ್ಳುತ್ತಿದ್ದರು. ಆ ರಾಟೆಯ ಕೊಂಡಿ ಇನ್ನೂ ತೊಲೆಯಲ್ಲಿದೆ.

ಹಾಗಾದರೆ ಮನೆಗಳು ಯಾಕೆ ಹೋದವು? ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ಮಾಲೀಕರು ದುರಾಸೆಯವರು ಎಂದು ಬಾಡಿಗೆಯವರು ಹೇಳುತ್ತಾರೆ, ಬಾಡಿಗೆಯವರು ಬಿಟ್ಟು ಹೋಗದವರು ಎಂದು ಮಾಲೀಕರು ಹೇಳುತ್ತಾರೆ. ನಾನು ಎರಡೂ ಕಡೆಯವರಿಗೆ ಪತ್ರ ಬರೆದುಕೊಟ್ಟವನು. ಅವರಿಬ್ಬರನ್ನೇ ದೂರಿದರೆ ಪೂರ್ತಿ ಕತೆ ಹೇಳಿದಂತಾಗುವುದಿಲ್ಲ.

1961ರ ಕಾಯ್ದೆಯಲ್ಲಿ ಬಾಡಿಗೆದಾರನನ್ನು ಎಬ್ಬಿಸಬೇಕಾದರೆ ಕಾಯ್ದೆಯಲ್ಲಿ ಹೇಳಿದ ಕಾರಣ ಇರಬೇಕು. ಬಾಡಿಗೆ ಬಾಕಿ, ಬೇರೆಯವರಿಗೆ ಒಳಬಾಡಿಗೆ, ಮಾಲೀಕನ ಸ್ವಂತ ಅಗತ್ಯ, ಕೆಡವಿ ಕಟ್ಟುವುದು ಇಂಥವು. ಅದು ಬಡ ಬಾಡಿಗೆದಾರರಿಗೆ ದೊಡ್ಡ ರಕ್ಷೆಯಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಾಡಿಗೆ ಹೆಚ್ಚಲಿಲ್ಲ. ಎಷ್ಟೋ ಕಟ್ಟಡಗಳಲ್ಲಿ ವರ್ಷದ ಬಾಡಿಗೆ ಒಂದು ಸಲ ಸೂರು ರಿಪೇರಿ ಮಾಡಿಸುವುದಕ್ಕೂ ಸಾಲದೆ ಹೋಯಿತು. ಮದ್ರಾಸ್ ತಾರಸಿ ಸೋರಲು ಶುರುವಾದರೆ ಗಾರೆ ಕೆಲಸ ಬಲ್ಲವರು ಬೇಕು. ಅಂಥ ಮೇಸ್ತ್ರಿಗಳು ಸಿಗದಾದಾಗ ಸಿಮೆಂಟು ಮೆತ್ತಿದರು. ಸುಣ್ಣದ ಗಾರೆಯ ಮೇಲೆ ಸಿಮೆಂಟು ಹಾಕಿದರೆ ನೀರು ಒಳಗೇ ಕೂರುತ್ತದೆ. ಜಂತೆ ಕೊಳೆಯುತ್ತದೆ. ಇಲ್ಲಿ ಆದದ್ದೂ ಅದೇ. ಕೊನೆಗೆ ತಾರಸಿಯ ಮೇಲೆ ಶೀಟು ಹೊದಿಸಿದರು.

ಆಮೇಲೆ 1999ರ ಬಾಡಿಗೆ ಕಾಯ್ದೆ ಬಂತು. ಜಾರಿಯಾದದ್ದು 2001ರ ಡಿಸೆಂಬರ್ 31ಕ್ಕೆ. ಅದರಲ್ಲಿ ಅಂಗಡಿಯ ವಿಸ್ತೀರ್ಣ 14 ಚದರ ಮೀಟರ್ ಒಳಗಿದ್ದರೆ ಮಾತ್ರ ಕಾಯ್ದೆಯ ರಕ್ಷಣೆ. ಅಂದರೆ ಸುಮಾರು 150 ಚದರ ಅಡಿ. ಅದಕ್ಕಿಂತ ದೊಡ್ಡ ಅಂಗಡಿಯನ್ನು ತಿಂಗಳ ಬಾಡಿಗೆಗೆ ಕೊಟ್ಟಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನದ ನೋಟಿಸು ಸಾಕು. ಈ ಕಟ್ಟಡದ ಹಣೆಬರಹ ಈ ಒಂದು ಅಳತೆಯಲ್ಲಿ ನಿಂತಿತು. ಟೈಲರ್ ಅಂಗಡಿ, ಗಿರವಿ ಅಂಗಡಿ 14 ಚದರ ಮೀಟರಿನೊಳಗೆ ಇದ್ದವು, ಉಳಿದವು. ಮೂಲೆಯ ದೊಡ್ಡ ಅಂಗಡಿ, ಅಂದರೆ ಕಾಫಿ ಪುಡಿಯವರು, ಕೆಲವು ವರ್ಷದಲ್ಲಿ ಜಾಗ ಬಿಟ್ಟರು. ಅಂಗಡಿಗಳಿಗೆ 11 ತಿಂಗಳ ಕರಾರು ಮಾಡಿಸುವ ರೂಢಿಯೂ ಹೀಗೇ ಕಾನೂನಿನಿಂದ ಬಂದದ್ದು. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳಲು 11 ತಿಂಗಳು. ಮೂವತ್ತು ವರ್ಷ ಒಂದೇ ಕಡೆ ಅಂಗಡಿ ಇಟ್ಟವರ ಕೈಯಲ್ಲೂ ಇರುವುದು 11 ತಿಂಗಳ ಕಾಗದ.

ಮೇಲಿನ ಮನೆಗಳು ಒಂದೊಂದಾಗಿ ಖಾಲಿಯಾದವು. ನೌಕರರು ಬಡಾವಣೆಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡರು. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಕಾರಂತೂ ದೂರದ ಮಾತು. ವಯಸ್ಸಾದವರಿಗೆ ಕಡಿದಾದ ಮೆಟ್ಟಿಲು ಕಷ್ಟ. ಒಂದು ಮನೆ ಟೈಪಿಂಗ್ ಶಾಲೆಯಾಯಿತು, ಆಮೇಲೆ ಅದು ಕಂಪ್ಯೂಟರ್ ತರಗತಿಯಾಯಿತು. ಒಂದು ವಕೀಲರ ಕಚೇರಿ. ಒಂದು ಕೆಳಗಿನ ಅಂಗಡಿಯ ಗೋಡೌನು. 2013ರಲ್ಲಿ ಕಡೂರಿನಿಂದ ರೈಲು ಬಂತು. ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವವರ ಕಾರುಗಳು ಊರು ತುಂಬುತ್ತವೆ. ಇಂಥ ಕಟ್ಟಡದ ಮೇಲ್ಮಹಡಿಯನ್ನು ದಿನದ ಬಾಡಿಗೆಯ ಕೋಣೆ ಮಾಡಿದರೆ ತಿಂಗಳ ಬಾಡಿಗೆಗಿಂತ ಎಷ್ಟೋ ಪಾಲು ಹೆಚ್ಚು ಸಿಗುತ್ತದೆ. ಆ ಲೆಕ್ಕ ಹಾಕಿದ ಮಾಲೀಕರನ್ನು ನಾನು ದೂರುವುದಿಲ್ಲ. ಆದರೆ ದಿನಕ್ಕೊಬ್ಬರು ಬಂದು ಹೋಗುವ ಜಗಲಿಯಲ್ಲಿ ಯಾರ ಬೀಗದ ಕೈಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ನಮ್ಮ ಪೇಟೆ ಬೀದಿಗಳನ್ನು ಬೀದಿಯಾಗಿ ಇಟ್ಟಿದ್ದು ಅಂಗಡಿಯ ಮೇಲಿನ ಮನೆಗಳು ಎಂದೇ ನಾನು ನಂಬಿದ್ದೇನೆ. ಉಳಿಸಬೇಕು ಎಂದಾಗ ನಾವು ಮುಂಭಾಗದ ಕಮಾನು, ಕಂಬ, ಇಸವಿ ಬರೆದ ಗಾರೆಯ ಕೆಲಸ ನೋಡುತ್ತೇವೆ. ಅದೂ ಬೇಕು. ಆದರೆ ಅಡ್ಡ ರಸ್ತೆಯ ಕಡೆಗಿರುವ ಆ ಮೆಟ್ಟಿಲು ಅದಕ್ಕಿಂತ ಮುಖ್ಯ. ಹೊಸದಾಗಿ ಕಟ್ಟುವವರೂ ಮೇಲಿನ ಒಂದು ಮಹಡಿಯನ್ನಾದರೂ ವಾಸಕ್ಕೆ ಬಿಟ್ಟು, ಅದಕ್ಕೆ ಬೇರೆ ಮೆಟ್ಟಿಲು, ಒಂದು ಲಿಫ್ಟು ಇಟ್ಟರೆ ವಯಸ್ಸಾದ ದಂಪತಿಗಳು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಪೇಟೆಯಲ್ಲೇ ಇರಬಹುದು. ಆಸ್ಪತ್ರೆ, ಬಸ್ ಸ್ಟ್ಯಾಂಡ್, ಮಾರುಕಟ್ಟೆ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿವೆ ಅಲ್ವಾ?

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ನಮ್ಮದೂ ಇಂಥದ್ದೇ ಕಟ್ಟಡ. ಅಣ್ಣತಮ್ಮಂದಿರಲ್ಲಿ ಪಾಲಾಗಿದೆ, ಬರುವ ವರ್ಷ ಕೆಡವುತ್ತೇವೆ. ಏನು ಮಾಡಬೇಕು?" ಅವರಿಗೆ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ಕೆಡವುವ ಮುಂಚೆ ಋಣಭಾರ ಪತ್ರ (ಇ.ಸಿ.), ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ, ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೆ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಹುಡುಕಿಸಬೇಕು. ನಗರಸಭೆಯ ಖಾತೆ, ಕಂದಾಯ ರಸೀದಿಗಳ ಫೋಟೊ ತೆಗೆದಿಡಿ. ಒಂದೊಂದು ಕೋಣೆಯ ಉದ್ದ ಅಗಲ ಎತ್ತರ ಅಳೆದು ಕಾಗದದ ಮೇಲೆ ಕೈಯಲ್ಲೇ ನಕ್ಷೆ ಬರೆಯಿರಿ, ಎಂಜಿನಿಯರೇ ಬೇಕೆಂದಿಲ್ಲ. ತಾರಸಿಯ ಕೆಳಭಾಗ, ಹೆಂಚಿನ ಮೇಲಿನ ಅಚ್ಚು, ಬಾಗಿಲ ಹಲಗೆಯ ನಂಬರು, ನೆಲದ ಮಾದರಿ ಇವುಗಳ ಫೋಟೊ ಹಗಲು ಬೆಳಕಿನಲ್ಲಿ ತೆಗೆಯಿರಿ. ಎಲ್ಲಕ್ಕಿಂತ ಮೊದಲು ಬಾಡಿಗೆಗಿದ್ದವರನ್ನು ಹುಡುಕಿ. ಮಾಲೀಕರ ಕುಟುಂಬಕ್ಕೆ ಕಾಗದ ಗೊತ್ತು, ಬಾಡಿಗೆಗಿದ್ದವರಿಗೆ ಕಟ್ಟಡ ಗೊತ್ತು. ಯಾವ ಕಿಟಕಿಯಿಂದ ಮಳೆ ಇರಚಲು ಬರುತ್ತಿತ್ತು, ಯಾವ ಮೆಟ್ಟಿಲು ಸವೆದಿತ್ತು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು ಎಂದು ಅವರು ಹೇಳುತ್ತಾರೆ. ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ. ಜಂತೆ, ತೊಲೆ ಹಳೆಯ ಗಟ್ಟಿ ಮರ ಆಗಿದ್ದರೆ ಗುಜರಿಗೆ ಹಾಕಬೇಡಿ, ಹೊಸ ಕಟ್ಟಡದ ಮೆಟ್ಟಿಲಿಗೆ, ಕಟಾಂಜನಕ್ಕೆ ಬಳಸಬಹುದು. ಪ್ರಶ್ನೆ ಕೇಳಿದವರು ಅಲ್ಲೇ ಕಾಗದದ ಮೇಲೆ ಇದನ್ನೆಲ್ಲ ಗುರುತು ಹಾಕಿಕೊಂಡರು. ಬರುವ ವಾರ ಅಳತೆ ಟೇಪು ಹಿಡಿಯಲು ನಾನೂ ಬರುತ್ತೇನೆ ಎಂದು ಹೇಳಿದ್ದೇನೆ.